ಜೇನವ್ವನಿಗೆ ಕಾರಣ ಬೇಕಂತೆ

ದೇವದುರ್ಗದ ಆ ಮನೆಯಲ್ಲಿ ಯಾರೂ ಯಾರನ್ನೂ ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈದವರಿಗೆ ತಿರುಗಿ ಬೈಯಬಹುದು, ಅಳಬಹುದು, ಓಣಿಗೆ ಹೋಗಿ ನಾಲ್ಕು ಮಂದಿಗೆ ಹೇಳಿಕೊಂಡು ಹಗುರಾಗಬಹುದು. ನಮ್ಮ ರುದ್ರಮ್ಮತ್ತೆ ಹೊಗಳುತ್ತಿದ್ದಳು. ಹೊಗಳಿದವರನ್ನು ಏನು ಮಾಡುತ್ತೀರಿ? ಅವಳು ನನ್ನ ಸೋದರಮಾವನ ಹೆಂಡತಿ. ಮಾನ್ವಿಯಲ್ಲಿ ನನ್ನಪ್ಪ ಇನ್ನೊಬ್ಬಳನ್ನು ಮನೆಗೆ ಕರೆತಂದ ದಿನ ಅವ್ವ ಒಲೆಯ ಮೇಲಿನ ಸಾರನ್ನೂ ಇಳಿಸದೆ ನನ್ನನ್ನು ಕಂಕುಳಿಗೇರಿಸಿಕೊಂಡು ಬಸ್ಸು ಹತ್ತಿದ್ದಳು. ದೇವದುರ್ಗದಲ್ಲಿ ಇಳಿದು ಅಣ್ಣನ ಮನೆಯ ಕಟ್ಟೆಯ ಮೇಲೆ ಕೂತಳು. ಹಾಗೆ ಕೂತವಳು, ನಾನು ಓದು ಮುಗಿಸಿ ರಾಯಚೂರಿನಲ್ಲಿ ನೌಕರಿ ಹಿಡಿದು ಕರೆದುಕೊಂಡು ಬರುವ ತನಕ ಆ ಮನೆಯಲ್ಲೇ ಇದ್ದಳು. ಆ ಮನೆ ನಮಗೆ ನೆರಳು ಕೊಟ್ಟಿತು, ಅನ್ನ ಕೊಟ್ಟಿತು, ಇಲ್ಲವೆನ್ನುವುದಿಲ್ಲ. ಆದರೆ ಉಪಕಾರ ಸ್ಮರಣೆಗೆ ಈ ಅಧ್ಯಾಯ ಬರೆಯುತ್ತಿಲ್ಲ. ಅದನ್ನು ಬರೆಯಲು ಬೇರೆಯವರಿದ್ದಾರೆ.

ಮಣ್ಣಿನ ಮಾಳಿಗೆ, ಜಂತಿಗಳ ನಡುವೆ ಬೆಳಕಿಗೆಂದು ಬಿಟ್ಟ ಒಂದು ಕಿಂಡಿ, ಕೆಳಗೆ ಪರಸಿ ಕಲ್ಲಿನ ನೆಲ. ಪಡಸಾಲೆಯಲ್ಲಿ ಯಾವಾಗಲೂ ಒಂದು ಕರಿ ಕಂಬಳಿ ಹಾಸಿರುತ್ತಿತ್ತು. ಕುರಿ ಕಾಯುತ್ತಿದ್ದ ಮನೆತನದಲ್ಲಿ ಮೊದಲು ಸರಕಾರಿ ನೌಕರಿ ಹಿಡಿದವನು ಮಾವ. ಆದ್ದರಿಂದ ಆ ಕಂಬಳಿಯ ಮೇಲೆ ದಿನಾ ಯಾರಾದರೂ ಕೂತಿರುತ್ತಿದ್ದರು. ಅರ್ಜಿ ಬರೆಸಲು ಬಂದವರು, ಹೆಣ್ಣು ನೋಡಲು ಹೊರಟವರು, ಸಂತೆ ಮುಗಿಸಿ ಬಸ್ಸಿಗೆ ಕಾಯುವವರು. ಎಲ್ಲರಿಗೂ ಊಟ. ಅಡಿಗೆ ಮನೆಯ ಪಕ್ಕದ ಕೋಣೆಯಲ್ಲಿ ಜೋಳದ ಚೀಲಗಳಿದ್ದವು, ಚೀಲಗಳ ಪಕ್ಕದಲ್ಲಿ ನಾವಿಬ್ಬರು ಮಲಗುತ್ತಿದ್ದೆವು. ನನಗೆ ಇವತ್ತಿಗೂ ಜೋಳದ ನುಸಿಯ ವಾಸನೆ ಬಂದರೆ ನಿದ್ದೆ ಬರುತ್ತದೆ, ಜೊತೆಗೆ ಸಿಟ್ಟೂ ಬರುತ್ತದೆ.

ನಮ್ಮ ಕಡೆ ಊಟಕ್ಕೆ ಕೂತವರು ಬೇಕೆಂದು ಕೇಳಬಾರದು, ಬಡಿಸುವವರು ಸಾಕೆಂದರೂ ಬಿಡಬಾರದು. ಉಣ್ಣುವವರು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈ ಸರಿಸಿ ಆಣೆ ಹಾಕಿ ರೊಟ್ಟಿ ಇಡಬೇಕು. ಒತ್ತಾಯವಿಲ್ಲದ ಊಟ ಊಟವೇ ಅಲ್ಲ. ರುದ್ರಮ್ಮತ್ತೆಯ ಒತ್ತಾಯ ಇಡೀ ಓಣಿಗೆ ಪ್ರಸಿದ್ಧ. ಬಂದವರ ಹೊಟ್ಟೆ ಒಡೆಯುವ ಹಾಗೆ ಬಡಿಸುತ್ತಿದ್ದಳು. ಗಂಡಸರದ್ದು ಮುಗಿದು ಹೆಣ್ಣುಮಕ್ಕಳು ಕೂತಾಗ, ಎಲ್ಲರ ಕೈಯನ್ನೂ ಸರಿಸುತ್ತ ಬಂದು ಅವ್ವನ ತಾಟಿನ ಮುಂದೆ ನಿಲ್ಲುತ್ತಿದ್ದಳು. ರೊಟ್ಟಿ ಹಿಡಿದ ಕೈ ಅಲ್ಲೇ ಗಾಳಿಯಲ್ಲಿ. ಕವಿತಾಳದಿಂದ ಬಂದ ಬೀಗರು ಕೂತಿದ್ದ ಒಂದು ದಿನ ಚೆನ್ನಾಗಿ ನೆನಪಿದೆ. ತಾಟಿನಲ್ಲಿ ಪುಂಡಿಪಲ್ಯ, ಗುರೆಳ್ಳು ಹಿಂಡಿ. ಅವ್ವನ ಮೊದಲ ರೊಟ್ಟಿ ಮುಗಿಯುತ್ತ ಬಂದಿತ್ತು.

"ನಮ್ಮ ಗೌರಮ್ಮನ ನೋಡ್ರಿ. ಒಂದ ರೊಟ್ಟಿ. ಅದರ ಮ್ಯಾಲ ಒಂದ ಚೂರು ಮುಟ್ಟಾಂಗಿಲ್ಲ. ಎಂಥಾ ಬಾಯಿಕಟ್ಟ ಅಂತೀರಿ! ನಾವೆಲ್ಲ ಎದಕ್ಕ ಬರ್ತೀವಿ ಅಕಿ ಮುಂದ?"

"ಹೌದೇನ್ರಿ? ಪುಣ್ಯಾತ್ಗಿತ್ತಿ ಬಿಡ್ರಿ," ಎಂದರು ಬೀಗಿತ್ತಿ.

ಅವ್ವ ತಲೆ ತಗ್ಗಿಸಿ ನಕ್ಕಳು. ಹೊಗಳಿಸಿಕೊಂಡವಳು ಎರಡನೆಯ ರೊಟ್ಟಿಗೆ ಹೇಗೆ ಕೈ ಚಾಚಬೇಕು? ಆ ರೊಟ್ಟಿ ಅವ್ವನನ್ನು ದಾಟಿ ಮಗ್ಗುಲಿನ ತಾಟಿಗೆ ಹೋಯಿತು. ಹೀಗೆ ದಿನಾ. ಬಂದವರ ಮುಂದೆ, ಬಾರದವರ ಮುಂದೆ, ನೀರಿಗೆ ಹೋದಾಗ, ಬೀಸುವಾಗ. ಅವ್ವ ಕಡಿಮೆ ಉಣ್ಣುವವಳೆಂದು ಊರಿಗೇ ಗೊತ್ತಾಯಿತು. ಊರಿಗೆ ಗೊತ್ತಾದ ಮೇಲೆ ಅದು ಸುಳ್ಳಾಗಲು ಸಾಧ್ಯವಿಲ್ಲ.

ನನ್ನ ಸರದಿಯೂ ಬಂತು. ನಮ್ಮ ಸರೂಗೆ ಆಟದ ಹುಚ್ಚಿಲ್ಲ ಎಂದಳು, ಕುಂಟಬಿಲ್ಲೆ ಆಡುತ್ತಿದ್ದ ನಾನು ಕೈಕಾಲು ತೊಳೆದುಕೊಂಡು ಒಳಗೆ ಬಂದೆ. ಸರೂಗೆ ಹಠ ಗೊತ್ತೇ ಇಲ್ಲ ಎಂದಳು, ದೀಪಾವಳಿಗೆ ಅವಳ ಮಗಳು ರೇಣುಕಾಗೆ ಜರಿ ಅಂಚಿನ ಲಂಗ ಬಂತು, ನನಗೆ ಹೋದ ವರ್ಷದ್ದನ್ನೇ ಒಗೆದು ಕೊಟ್ಟರು. ಹೊಗಳುವಾಗ ಗಲ್ಲ ಹಿಡಿಯುತ್ತಿದ್ದಳು. ಮೂಗಿನ ಎರಡೂ ಕಡೆ ಮೂಗುಬೊಟ್ಟು, ಹಣೆ ತುಂಬ ಕುಂಕುಮ, ಮೈಗೆ ಸದಾ ಬೆಲ್ಲದ ಪಾಕದ ಪರಿಮಳ. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರೆಲ್ಲ ಗುಳ್ಳವ್ವನನ್ನು ಮಾಡುತ್ತಿದ್ದೆವು. ಮಣ್ಣಿನ ಗೊಂಬೆ, ಕಣ್ಣಿಗೆ ಗುಲಗಂಜಿ. ಒಂದು ಸಲ ನನ್ನ ಗುಳ್ಳವ್ವನ ಮೂಗಿಗೆ ಎರಡೂ ಕಡೆ ಜೋಳದ ಕಾಳು ಒತ್ತಿದೆ, ಹಣೆಗೆ ಅಂಗೈಯಗಲ ಕುಂಕುಮ ಬಳಿದೆ. ಕೊನೆಯ ಮಂಗಳವಾರ ಹಳ್ಳದ ನೀರಿಗೆ ಬಿಟ್ಟು, ಮುಖ ಕರಗುವ ತನಕ ದಂಡೆಯ ಮೇಲೆ ನಿಂತು ನೋಡಿದೆ. ಬಹಳ ಸುಖವಾಯಿತು. ಮನೆಗೆ ಬಂದರೆ ಅತ್ತೆ ಗಲ್ಲ ಹಿಡಿದು, ಸರೂನ ಕೈಯಾಗ ದೇವರ ಅದಾನ, ಇನ್ನ ಮ್ಯಾಲ ರೇಣುಕಾನ ಗುಳ್ಳವ್ವನೂ ಇಕಿನೇ ಮಾಡ್ತಾಳ ಎಂದಳು. ಆಮೇಲೆ ಪ್ರತಿ ಆಷಾಢದಲ್ಲಿ ರೇಣುಕಾಗೆ ಮಾಡಿಕೊಟ್ಟು ಸಂಜೆಯಾಗಿ ನನ್ನ ಗೊಂಬೆ ಅರ್ಧಕ್ಕೇ ನಿಲ್ಲುತ್ತಿತ್ತು.

ಮಾವನಿಗೆ ಇದೆಲ್ಲ ಕಾಣುತ್ತಿರಲಿಲ್ಲವೇ? ಕಾಣುತ್ತಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಹೊರಗೆ ಹೋಗುತ್ತಿದ್ದ. ಅವನ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಒಟ್ಟು ಸಿಟ್ಟನ್ನೆಲ್ಲ ಒಬ್ಬಳಿಗೇ ಮೀಸಲಿಟ್ಟಿದ್ದೆ.

ಮೀಸಲಿಟ್ಟದ್ದು ಕೆಡಲಿಲ್ಲ. ರಾಯಚೂರಿನ ಶಾಲೆಯೊಂದರಲ್ಲಿ ಚಿತ್ರಕಲೆ ಹೇಳಿಕೊಡುತ್ತ, ಬಿಡುವಿನಲ್ಲಿ ಮಕ್ಕಳ ಕತೆ ಬರೆಯುತ್ತ ಇದ್ದವಳನ್ನು ಹೈದರಾಬಾದಿನ ಅನಿಮೇಷನ್ ಕಂಪನಿಯವರು ಕರೆದಾಗ ನನ್ನ ಕೂದಲು ಬೆಳ್ಳಗಾಗಿತ್ತು. ಅವರು 'ಒಂಬತ್ತು ಬುರುಜು' ಎಂಬ ಮಾಯಾಲೋಕದ ಸರಣಿ ಕಟ್ಟುತ್ತಿದ್ದರು. ನಾಯಕಿ ನೇಸರಿ, ಕೋಟೆಯ ಒಂದೊಂದೇ ಬುರುಜು ಹತ್ತುವ ಪೋರಿ. ಅವಳನ್ನು ಬೇರೆಯವರು ಬರೆದರು. ನನ್ನ ಪಾಲಿಗೆ ಬಂದದ್ದು ಅಕ್ಕಪಕ್ಕದವರು ಮತ್ತು ಕೆಟ್ಟವರು. ನನಗೂ ಅದೇ ಬೇಕಿತ್ತು. ನಾಯಕಿಗೆ ಒಳ್ಳೆಯತನವೊಂದಿದ್ದರೆ ನಡೆಯುತ್ತದೆ. ಒಂದು ಲೋಕ ನಿಲ್ಲುವುದು ಅವಳಿಗೆ ಬಾಗಿಲು ತೆರೆಯುವವರಿಂದ, ಹಾಕಿಕೊಳ್ಳುವವರಿಂದ. ಮಾವನನ್ನು ಬುರುಜಿನ ಕಾವಲುಗಾರನನ್ನಾಗಿ ಮಾಡಿದೆ. ಪರ್ವತದಂಥ ಮೈ, ಸೊಂಟದಲ್ಲಿ ಎಲ್ಲ ಬೀಗಗಳ ಕೈ, ಯಾರು ಕೂಗಿದರೂ ಆಕಾಶದಲ್ಲಿ ಮೋಡ ಎಣಿಸುತ್ತಾನೆ. ಹೈದರಾಬಾದಿನ ಹುಡುಗರು ಅವನಿಗೆ ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ಜೇನವ್ವನನ್ನು ಹುಟ್ಟಿಸಿದೆ.

ಜೇನವ್ವ ಕೋಟೆಯ ರಾಣಿ. ಅವಳ ಕೈಯಲ್ಲಿ ಖಡ್ಗವಿಲ್ಲ, ಬಾಯಲ್ಲಿ ಶಾಪವಿಲ್ಲ. ಗಲ್ಲ ಹಿಡಿದು ಹೊಗಳುತ್ತಾಳೆ. ಯಾವುದಕ್ಕೆ ಹೊಗಳಿದಳೋ ಅದರಲ್ಲಿ ಮನುಷ್ಯ ಸಿಕ್ಕಿಬೀಳುತ್ತಾನೆ. ಎಷ್ಟು ಶಾಂತ ಹುಡುಗ ಎಂದರೆ ಹುಡುಗನ ದನಿ ಹೋಗುತ್ತದೆ. ಎಷ್ಟು ನೆಟ್ಟಗೆ ನಿಲ್ಲುತ್ತೀಯಪ್ಪ ಎಂದರೆ ಸಿಪಾಯಿ ಕಲ್ಲುಕಂಬವಾಗುತ್ತಾನೆ. ಚಿತ್ರ ಬಿಡಿಸುವ ಹುಡುಗ ಉದ್ದ ಉಗುರು, ಕೋರೆಹಲ್ಲು ಹಾಕಿ ತಂದಿದ್ದ, ಅಳಿಸಲು ಹೇಳಿದೆ. ಎರಡು ಮೂಗುಬೊಟ್ಟು, ಹಣೆ ತುಂಬ ಕುಂಕುಮ, ಗಲ್ಲ ಹಿಡಿಯುವಾಗ ಮುಂದೆ ಬರುವ ಆ ಹೆಬ್ಬೆರಳು, ನಾನೇ ಬಿಡಿಸಿ ಕೊಟ್ಟೆ. ಅವಳ ಅಡಿಗೆ ಮನೆಯಲ್ಲಿ ಬೂದಿಯಮ್ಮ ಎಂಬ ಹೆಂಗಸಿದ್ದಾಳೆ. ಎಷ್ಟು ಕಡಿಮೆ ಉಣ್ಣುತ್ತೀಯೆಂದು ರಾಣಿ ಹೊಗಳಿದಾಗಲೆಲ್ಲ ಗೇಣುಗೇಣು ಸಣ್ಣಗಾಗುತ್ತ ಹೋಗಿ, ಮೊದಲ ಸರಣಿ ಮುಗಿಯುವಷ್ಟರಲ್ಲಿ ಸೌಟಿನೊಳಗೆ ಕೂರುವಷ್ಟಾಗುತ್ತಾಳೆ. ಅದು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಸರಣಿ ಗೆದ್ದಿತು. ಮಕ್ಕಳು ಜೇನವ್ವನಿಗೆ ಹೆದರಿದರು, ದೊಡ್ಡವರು ಇನ್ನೂ ಹೆಚ್ಚು ಹೆದರಿದರು. ಎರಡನೆಯ ಸರಣಿಯ ಕೆಲಸ ಶುರುವಾದಾಗ ತಂಡದ ಮುಖ್ಯಸ್ಥೆ ನಿಖಿತಾ ವೀಡಿಯೊದಲ್ಲಿ ಬಂದಳು. ತೆಲುಗು ಹುಡುಗಿ, ನನ್ನ ಜೊತೆ ಮಾತ್ರ ಹಟ ಹಿಡಿದು ಕನ್ನಡ ಆಡುತ್ತಾಳೆ.

"ಮೇಡಂ, ಜೇನವ್ವಗೆ ಕಾರಣ ಬೇಕು. ಅವಳು ಯಾಕೆ ಹಿಂಗಾದಳು? ಚಿಕ್ಕಂದಿನ ಗಾಯ ಏನಾದ್ರೂ. ಈಗ ಎಲ್ಲರೂ ಕೇಳ್ತಾರೆ."

"ಕೆಲವರು ಕಾರಣ ಇಲ್ಲದೇನೂ ಕೆಟ್ಟವರಿರ್ತಾರಮ್ಮ."

"ಇರಬಹುದು ಮೇಡಂ. ಆದ್ರೆ ಕತೆಯಲ್ಲಿ ನಂಬೋದಿಲ್ಲ. ಇನ್ನೊಂದು. ಬೂದಿಯಮ್ಮ ಸುಮ್ನೆ ನೋವು ತಿಂತಾಳೆ. ಅವಳಿಗೆ ಏನು ಬೇಕು?"

"ಇನ್ನೊಂದು ರೊಟ್ಟಿ ಬೇಕು."

"ಅದು ಹಸಿವು ಮೇಡಂ. ಆಸೆ ಅಲ್ಲ."

ನನಗೆ ಮೈ ಉರಿಯಿತು. ಕಾರಣ ಎಂದರೇನು? ಕೆಟ್ಟವಳ ಚಿಕ್ಕಂದಿನ ಒಂದು ಕಣ್ಣೀರಿನ ದೃಶ್ಯ ತೋರಿಸಿಬಿಟ್ಟರೆ ನೋಡುವವರು ಅಯ್ಯೋ ಪಾಪ ಎನ್ನುತ್ತಾರೆ. ಸೌಟಿನಲ್ಲಿ ಕೂತವಳನ್ನು ಮರೆತುಬಿಡುತ್ತಾರೆ. ರುದ್ರಮ್ಮತ್ತೆಗೆ ನನ್ನ ಕೈಯಿಂದ ಅಯ್ಯೋ ಪಾಪ ಸಿಗುವುದೇ? ಬರೆಯುವುದಿಲ್ಲ ಎಂದೆ. ಹಾಗಾದರೆ ಬೇರೆಯವರಿಂದ ಬರೆಸಬೇಕಾಗುತ್ತದೆ ಎಂದು ನಿಖಿತಾ ಬಹಳ ಮರ್ಯಾದೆಯಿಂದಲೇ ಹೇಳಿದಳು. ಯೋಚನೆ ಮಾಡುತ್ತೇನೆ ಎಂದು ಮಾತು ಮುಗಿಸಿದೆ. ಯೋಚನೆ ಮಾಡಲಿಲ್ಲ, ದೇವದುರ್ಗದ ಬಸ್ಸು ಹತ್ತಿದೆ. ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ? ಅತ್ತೆ ತನ್ನ ಹೆಗಲು ಮುಟ್ಟಿಕೊಳ್ಳುವುದನ್ನು ಪಕ್ಕದಲ್ಲಿ ಕೂತು ನೋಡಬೇಕಿತ್ತು. ಅವಳಿಗೆ ತಾನು ಸಿಕ್ಕಿಬಿದ್ದೆನೆಂದು ಗೊತ್ತಾಗಬೇಕು, ಗೊತ್ತಾದದ್ದು ನನಗೆ ಕಾಣಬೇಕು. ಅಷ್ಟು ಸಿಕ್ಕರೆ ಯಾವ ಕಾರಣವನ್ನಾದರೂ ಬರೆದು ಬಿಸಾಡಬಹುದೆಂದುಕೊಂಡೆ.

ಮಾಳಿಗೆ ಹೋಗಿ ಸ್ಲ್ಯಾಬ್ ಬಂದಿದೆ. ಮಾವ ತೀರಿಕೊಂಡು ಬಹಳ ವರ್ಷವಾಯಿತು. ಅತ್ತೆ ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದಳು. ಕುಂಕುಮವಿಲ್ಲದ ಹಣೆ ಸಣ್ಣಗೆ ಕಂಡಿತು. ಸೊಸೆ ಸುಜಾತಾ ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟಳು.

"ನೋಡಬೇ ಸುಜಾತಾ, ನಮ್ಮ ಸರೂ ಎಷ್ಟ ದೊಡ್ಡಾಕಿ ಆದ್ರೂ ಒಂದೀಟು ಜಂಬ ಇಲ್ಲ," ಎಂದಳು ಅತ್ತೆ, ಗಲ್ಲ ಹಿಡಿದು.

ನಾನು ನನ್ನ ಸರಣಿಯ ಬಗ್ಗೆ ಹೇಳಿಕೊಳ್ಳಬೇಕೆಂದು ಬಾಯಿ ತೆರೆದವಳು ಮುಚ್ಚಿದೆ. ಈ ವಯಸ್ಸಿನಲ್ಲೂ! ಸುಜಾತಾಳ ಮಗಳು ಐಶು ನನ್ನನ್ನು ಉಳಿಸಿದಳು. ಅಜ್ಜೀ, ಸರೂ ಅಜ್ಜಿ ಮಾಡಿದ ಕಾರ್ಟೂನು ಹಾಕ್ತೀನಿ ಎಂದು ಮೊಬೈಲಿನಿಂದ ಟೀವಿಗೆ ಹಾಕಿದಳು. ಕನ್ನಡದಲ್ಲೇ ಇತ್ತು. ಜೇನವ್ವ ತೆರೆ ತುಂಬ ಬಂದಳು, ಎರಡು ಮೂಗುಬೊಟ್ಟು ಮಿಂಚಿದವು, ಹೆಬ್ಬೆರಳು ಮುಂದೆ ಬಂತು. ನಾನು ಟೀವಿ ನೋಡಲಿಲ್ಲ, ಅತ್ತೆಯ ಮುಖ ನೋಡಿದೆ. ಅವಳು ಮುಂದೆ ಬಾಗಿ ಕಣ್ಣು ಕಿರಿದು ಮಾಡಿ ನೋಡುತ್ತ ಲೊಚಗುಟ್ಟುತ್ತಿದ್ದಳು. ಬೂದಿಯಮ್ಮ ಸಣ್ಣಗಾದಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಯವ್ವಾ, ಎಂಥಾ ಹೆಣ್ಮಗಳಬೇ ಇಕಿ! ಸಿಹಿ ಮಾತಾಡಿ ಮನಿ ಹಾಳ ಮಾಡಾಕಿ."

"ಯಾರ ನೆಪ್ಪ ಬರ್ತದ ಅತ್ತಿ, ಇಕಿನ್ನ ನೋಡಿದ್ರ?" ಎಂದೆ.

"ಖರೇ ಹೇಳ್ಲೇನು? ಸಿಟ್ಟಾಗಬ್ಯಾಡ. ಥೇಟ್ ನಿಮ್ಮವ್ವ."

ಕೈಯಲ್ಲಿದ್ದ ಮಿರ್ಚಿ ಕೈಯಲ್ಲೇ ಉಳಿಯಿತು. ಹಾಗಾದರೆ ಬೂದಿಯಮ್ಮ ಯಾರೆಂದು ನಾನು ಕೇಳಬೇಕಾಗಲಿಲ್ಲ. ಅವಳೇ ಹೇಳಿದಳು.

"ಆ ಬೂದಿ ಬಡಕೊಂಡಾಕಿ ನಾನ ನೋಡು. ಹೊತ್ತ ಹುಟ್ಟಿದ್ರ ಒಲಿ ಮುಂದ. ಒಬ್ಬರರ ಕೇಳ್ಯಾರೇನು, ರುದ್ರಮ್ಮ ನೀ ಉಂಡೇನು ಅಂತ?"

"ನಮ್ಮವ್ವ ನಿನಗೇನ್ ಮಾಡಿದ್ಲು ಅತ್ತಿ? ಒಂದ ರೊಟ್ಟಿ ಉಂಡು ಬಿದ್ದಿದ್ಲಲ್ಲ, ನೀ ಹೊಗಳಿದ್ದಕ್ಕ!"

"ನಾ ಹೊಗಳಿದ್ದಕ್ಕ? ನೀ ಸಣ್ಣಾಕಿ, ನಿನಗೇನ್ ಗೊತ್ತು. ಬಂದ ದಿನ ನಾ ನನ್ನ ಪಾಲಿನ ರೊಟ್ಟಿ ಅಕಿ ತಾಟಿಗೆ ಹಾಕೀನಿ. ಆಣಿ ಹಾಕೀನಿ. ಒಂದ ಉಂಡು ತಾಟಿನಾಗ ಕೈ ತೊಳದ್ಲು. ಮರುದಿನನೂ ಅಷ್ಟ. ಕಾಲಿಗೆ ಬೀಳದೊಂದ ಬಾಕಿ. ತಿಂಗಳ ತುಂಬೂದ್ರಾಗ ಓಣಿ ತುಂಬ ಗುಲ್ಲು. ರುದ್ರಮ್ಮ ನಾದ್ನಿಗೆ ಕೂಳ ಹಾಕಾಂಗಿಲ್ಲಂತ. ನನ್ನ ತವರಿನವರು ಬಂದು ನನ್ನ ಮುಖದ ಮ್ಯಾಲ ಕೇಳಿದ್ರು. ನಾ ಏನ್ ಮಾಡ್ಲಿ? ಅಕೀನ ಕಡಿಮಿ ಉಣ್ತಾಳ್ರೀ, ಅಕಿ ಗುಣ ಅದು ಅಂತ ಬಂದವರ ಮುಂದೆಲ್ಲ ಹೇಳ್ಕೋತ ಬಂದೆ. ಅಕಿ ಒಂದ ಮಾತ ಬೈಲಿಲ್ಲ ನನಗ. ಬೈದಿದ್ರ ಚಲೋ ಇತ್ತು."

ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನಗೇ ಬಂದಿತ್ತು. ಬೈದಿದ್ದರೆ ಚೆನ್ನಾಗಿತ್ತು ಎಂಬುದು ಜೀವಮಾನವಿಡೀ ನನ್ನ ಮಾತಾಗಿತ್ತು. ಅದನ್ನೂ ಇವಳು ಕಸಿದುಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು. ಎದ್ದು ಹೊರಟೆ. ಉಂಡು ಹೋಗು ಎಂದು ಅತ್ತೆ ಕೈ ಹಿಡಿದಳು, ಬಸ್ಸು ತಪ್ಪುತ್ತದೆಂದು ಬಿಡಿಸಿಕೊಂಡೆ. ರಾಯಚೂರಿನ ತನಕ ಬಸ್ಸಿನ ಕಿಟಕಿಯ ಬಿಸಿಗಾಳಿಗೆ ಮುಖ ಕೊಟ್ಟು ಕೂತು ಲೆಕ್ಕ ಹಾಕಿದೆ. ಮುದುಕಿ ಸುಳ್ಳು ಹೇಳುತ್ತಿದ್ದಾಳೆ. ಸುಳ್ಳಲ್ಲವೆಂದೇ ಇಟ್ಟುಕೊಳ್ಳೋಣ, ಹಾಗಾದರೆ ನನ್ನ ಲಂಗದ ಮಾತೇನು? ಅದರಿಂದ ಯಾವ ಓಣಿಯ ಬಾಯಿ ಮುಚ್ಚಿಸಿದಳು? ಒಂದು ಸಲ ಹೊಗಳಿ ಗೆದ್ದ ಮೇಲೆ ನಾಲಿಗೆಗೆ ಆ ರುಚಿ ಹತ್ತಿತು, ಸಿಕ್ಕಸಿಕ್ಕವರನ್ನೆಲ್ಲ ಹೊಗಳಿ ಕಟ್ಟಿಹಾಕಿದಳು. ಹೀಗೆ ಯೋಚಿಸುತ್ತಿದ್ದಾಗಲೇ ಥಟ್ಟನೆ ಹೊಳೆಯಿತು: ನಿಖಿತಾ ಕೇಳಿದ ಕಾರಣ ಇದೇ. ಬರೆಯುವವರು ವರ್ಷಗಟ್ಟಲೆ ಹುಡುಕಿದರೂ ಸಿಗದಂಥ ಕಾರಣ. ಉಣ್ಣಲೊಲ್ಲದ ಅತಿಥಿಯ ಮುಂದೆ ರೊಟ್ಟಿ ಹಿಡಿದು ನಿಂತ ಹೊಸ ಗೃಹಿಣಿ, ಹೊರಗೆ ಅವಳ ಮಾನ ಹರಾಜು ಹಾಕುತ್ತಿರುವ ಊರು. ಆ ದೃಶ್ಯ ಬರೆದರೆ ಎಲ್ಲ ಮಕ್ಕಳೂ ಜೇನವ್ವನಿಗಾಗಿ ಅಳುತ್ತಾರೆ. ಅತ್ತೆಯೇ ಅದನ್ನು ತನ್ನ ಕೈಯಾರೆ ನನಗೆ ಕೊಟ್ಟು ಕಳಿಸಿದ್ದಳು.

ಮನೆ ಮುಟ್ಟಿದಾಗ ಅವ್ವ ಹಿತ್ತಲ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಬೆನ್ನು ಬಾಗಿದೆ, ಕಿವಿ ಚುರುಕಾಗಿದೆ. ನನ್ನ ಮನೆಗೆ ಬಂದಾಗಿನಿಂದ ಹೊಟ್ಟೆ ತುಂಬ ಉಣ್ಣುತ್ತಾಳೆ. ಎದುರಿಗೆ ಕೂತು ಅತ್ತೆ ಹೇಳಿದ್ದನ್ನೆಲ್ಲ ಹೇಳಿದೆ. ಅವ್ವ ಅಳುತ್ತಾಳೆಂದುಕೊಂಡಿದ್ದೆ, ಸೊಪ್ಪಿನ ಕೈ ಕೂಡ ನಿಲ್ಲಲಿಲ್ಲ.

"ಖರೇನೇನವ್ವಾ? ನೀ ಬೇಕಂತ ಉಪಾಸ ಇದ್ದೇನು?"

"ಮತ್ತೇನು? ಅಕಿ ಮನಿಯಾಗ ಹೊಟ್ಟಿ ತುಂಬ ಉಂಡು ಅಕಿಗೆ ಪುಣ್ಯ ಕೊಡ್ಲೇನು?"

"ಅಕಿ ನಿನಗೇನ್ ಮಾಡಿದ್ಲು, ಬಂದ ದಿನಾನ?"

"ನಾ ಕಟ್ಟಿ ಮ್ಯಾಲ ಕುಂತಿದ್ನೆಲ್ಲ, ನಿನ್ನ ಎತ್ಕೊಂಡು. ಅಕಿ ಒಳಗ ನಿಮ್ಮ ಮಾವಗ ಅನ್ನಾಕತ್ತಿದ್ಲು. ಹಾಕ್ತೀನಿ ಬಿಡ್ರಿ, ಎರಡ ಹೊಟ್ಟಿ ಹೆಚ್ಚಿಗಿ, ನಾಯಿಗೂ ಹಾಕ್ತೀವೆಲ್ಲ ಅಂತ. ಎದ್ದು ಹೋಗಾಕ ನನಗ ಜಾಗ ಇದ್ದಿಲ್ಲ. ನೀ ಬೆಳೀಬೇಕಿತ್ತು. ನಿನ್ನ ಹೊಟ್ಟಿ ತುಂಬಲಿ ಅಂತ ಬಿಟ್ಟೆ. ನನ್ನ ಹೊಟ್ಟಿ ನನ್ನ ಕೈಯಾಗಿತ್ತು."

ಅವ್ವನ ಮುಖವನ್ನು ನಾನು ಆವತ್ತು ಮೊದಲ ಸಲ ನೋಡಿದೆನೇನೋ. ಅರವತ್ತರ ಹತ್ತಿರ ಬಂದ ಮಗಳು ನಾನು, ಅಷ್ಟು ವರ್ಷ ಈ ಹೆಂಗಸನ್ನು ಸೌಟಿನಲ್ಲಿ ಕೂರಿಸಿ ಕನಿಕರಪಟ್ಟಿದ್ದೆ. ಅವಳು ಒಂದು ಮಾತಾಡದೆ, ಒಂದು ತಾಟಿನ ಮುಂದೆ ಕೂತು, ಊರಿಗೂರೇ ಅತ್ತಿಗೆಯ ಮೇಲೆ ಬೀಳುವ ಹಾಗೆ ಮಾಡಿದ್ದಳು. ಬೂದಿಯಮ್ಮನಿಗೆ ಏನು ಬೇಕೆಂದು ನನಗೆ ಗೊತ್ತಾಯಿತು, ನಿಖಿತಾ ಕೇಳಿದ್ದ, ಹಸಿವಲ್ಲದ ಆಸೆ. ಬಹಳ ಖುಷಿಯಾಯಿತು. ಉಳಿದದ್ದು ಒಂದೇ ಪ್ರಶ್ನೆ.

"ಕಂಪನಿಯವರು ಜೇನವ್ವಗ ಕಾರಣ ಕೇಳಾಕತ್ತಾರವ್ವ. ನಾ ಒಲ್ಲೆ ಅಂದ್ರ ಬ್ಯಾರೇದವರ ಕಡಿಂದ ಬರಸ್ತಾರ. ಅತ್ತಿ ಹೇಳಿದ್ದು ಬರದ್ರ ಭಾಳ ಚಲೋ ಆಗ್ತದ. ಬರೀಲೇನು?"

ಅವ್ವ ಸೋಸಿದ ಸೊಪ್ಪನ್ನು ಮೊರಕ್ಕೆ ಸುರಿದಳು, ಕಡ್ಡಿಗಳನ್ನು ಒಂದು ಕಡೆ ಗುಡ್ಡೆ ಮಾಡಿದಳು. ಆಮೇಲೆ ತಲೆ ಎತ್ತಿದಳು.

"ಬರಿಬ್ಯಾಡ. ಬರದ್ರ ಮಂದಿ ಅಕಿಗೆ ಅಯ್ಯೋ ಅಂತಾರ. ಆ ಅಯ್ಯೋ ನಂದು. ಅಷ್ಟ ವರ್ಷ ಹಸದು ಗಳಿಸೀನಿ. ಅಕಿಗೆ ಒಂದ ಚೂರು ಕೊಡಾಂಗಿಲ್ಲ."